ಎಪ್ಪತ್ತೆರಡು ಕಡ್ಡಿ, ಎರವಲು ಕಿವಿ

ಬೆಳಗಿನ ಐದೂಮುಕ್ಕಾಲು. ಬೀದಿಯ ಕೊನೆಯ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದು ಕಾರಿನ ಗಾಲಿ. ಟೈರಿಲ್ಲ, ಟ್ಯೂಬಿಲ್ಲ. ಹೊರಗೆ ರಿಮ್ಮು, ನಡುವೆ ಹಬ್, ಇವೆರಡನ್ನೂ ಹಿಡಿದಿಟ್ಟ ಎಪ್ಪತ್ತೆರಡು ತಂತಿ ಕಡ್ಡಿಗಳು. ಮಣೆಯ ಮೇಲೆ ಕೂತ ಐವತ್ತೆಂಟರ ಹೆಂಗಸು ಸಣ್ಣ ಪಾನಾದಿಂದ ಒಂದು ಕಡ್ಡಿಗೆ ಮೆಲ್ಲಗೆ ತಟ್ಟುತ್ತಾರೆ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು, ಕಣ್ಣು ಮುಚ್ಚಿ ಕೂತ ಗಂಡ "ಹೂಂ" ಎನ್ನುತ್ತಾರೆ. ಇನ್ನೊಂದು ತಟ್ಟು. "ಹೂಂ." ಮತ್ತೊಂದು. ಈ ಸಲ ಗಂಡನ ಬಾಯಿಂದ ಏನೂ ಬರುವುದಿಲ್ಲ.

"ನಿದ್ದೆ ಬಂತಾ?"

"ಇಲ್ಲ ಕಣೇ, ಯೋಚನೆ ಮಾಡ್ತಿದೀನಿ. ಇನ್ನೊಂದ್ಸಲ ತಟ್ಟು."

ತಟ್ಟುತ್ತಾರೆ.

"ಊಹೂಂ. ಇದು ಮಣ್ಣು."

ನಾದ ಮಂಕಾದರೆ ಅದು ಮಣ್ಣು. ಮಣ್ಣು ಎಂದರೆ ಕಡ್ಡಿ ಸಡಿಲ. ಗಂಡ ಹೆಂಡತಿಯರ ನಡುವಿನ ಈ ಭಾಷೆಗೆ ಇನ್ನೂ ವರ್ಷ ತುಂಬಿಲ್ಲ. ಆಕೆ ಆ ಕಡ್ಡಿಗೆ ಕೆಂಪು ದಾರ ಕಟ್ಟುತ್ತಾರೆ, ಪಕ್ಕದ ಕಡ್ಡಿಯ ಜೊತೆ ಸೇರಿಸಿ ಹೆಬ್ಬೆರಳು ತೋರುಬೆರಳಿನಿಂದ ಹಿಂಡಿ ನೋಡುತ್ತಾರೆ, ತುಟಿ ಕಚ್ಚುತ್ತಾರೆ. ಪಾನಾ ಕಾಲು ಸುತ್ತು ತಿರುಗುತ್ತದೆ. ಮತ್ತೆ ಮೊದಲಿನಿಂದ.

ಸುತ್ತಲಿನ ನಾಲ್ಕಾರು ಊರಿನ ಗ್ಯಾರೇಜುಗಳಲ್ಲಿ ಇವರು ಕಡ್ಡಿಯಕ್ಕ. ಅರ್ಧ ಶತಮಾನದಾಚೆ ಬ್ರಿಟನ್ನಿನಿಂದ ಬಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಿವೆಯಲ್ಲ, ಉದ್ದ ಮೂತಿಯ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಮಡಚುವ ಟಾಪಿನ ಕಾರುಗಳು, ಅವುಗಳಿಗೆ ಸೈಕಲ್ಲಿನ ಹಾಗೆ ಕಡ್ಡಿ ಗಾಲಿ. ಇಂಥ ಕಾರು ತುಕ್ಕಿನಿಂದ ಎದ್ದು ಮತ್ತೆ ರಸ್ತೆಗೆ ಇಳಿದಾಗ ಜನ ಬಣ್ಣ ಸವರಿ ನೋಡುತ್ತಾರೆ, ಚರ್ಮದ ಸೀಟು ಮೂಸುತ್ತಾರೆ, ಎಂಜಿನ್ನಿನ ಗುಡುಗು ಕೇಳಿ ತಲೆದೂಗುತ್ತಾರೆ. ಗಾಲಿ ಕಟ್ಟಿದವರು ಯಾರೆಂದು ಕೇಳಿದವರನ್ನು ಕಡ್ಡಿಯಕ್ಕ ಇನ್ನೂ ಕಂಡಿಲ್ಲ.

ಒಂದು ಗಾಲಿಗೆ ಗಿಡ್ಡ ಕಡ್ಡಿ ನಲವತ್ತೆಂಟು, ಉದ್ದದ್ದು ಇಪ್ಪತ್ತನಾಲ್ಕು. ಸ್ಟೆಪ್ನಿಯೂ ಸೇರಿ ಕಾರಿಗೆ ಐದು ಗಾಲಿ. ಒಂದು ಗಾಲಿ ಕಟ್ಟಿ ಬೆಂಡ್ ತೆಗೆಯಲು ಹನ್ನೊಂದು ಗಂಟೆ ಬೇಕು. ಗಾಲಿ ತಿರುಗುವಾಗ ಎರಡು ಪೋಸ್ಟ್‌ಕಾರ್ಡಿನ ದಪ್ಪಕ್ಕಿಂತ ಹೆಚ್ಚು ಆಚೀಚೆ ಓಲಾಡಿದರೆ ಕಳಚಿ ಮೊದಲಿನಿಂದ. ಇಪ್ಪತ್ತೊಂದು ವರ್ಷದಲ್ಲಿ ನಲವತ್ತಮೂರು ಕಾರು. "ಹದಿನೈದು ಸಾವಿರದ ನಾನೂರ ಎಂಬತ್ತು ಕಡ್ಡಿ," ಎಂದು ಲೆಕ್ಕ ಒಪ್ಪಿಸುವುದು ಗಂಡ. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವರು. ತಲೆ ಎಣಿಸುವ ಚಟ ಇನ್ನೂ ಹೋಗಿಲ್ಲ.

ಕಡ್ಡಿಯಕ್ಕನ ಅಪ್ಪನದು ಸೈಕಲ್ ಶಾಪು. ಮೂರು ಹೆಣ್ಣುಮಕ್ಕಳಲ್ಲಿ ಹಿರಿಯವಳಾದ ಇವರು ಹತ್ತನೇ ವಯಸ್ಸಿಗೇ ಪಂಕ್ಚರ್ ಹಾಕುತ್ತಿದ್ದರು. ಹುಡುಗಿ ಕೈಗೆ ಸೈಕಲ್ ಕೊಡಲು ಹಿಂದೇಟು ಹಾಕುವ ಗಿರಾಕಿಗಳಿಗೆ ಅಪ್ಪ, "ಹಾಗಾದ್ರೆ ನೀವೇ ಮಾಡ್ಕೊಳ್ಳಿ ಸ್ವಾಮಿ, ಪಾನಾ ಅಲ್ಲಿದೆ" ಎನ್ನುತ್ತಿದ್ದರಂತೆ. "ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸೋರು. ಗಾಲಿ ತಟ್ಟೋರು. ಯಾವ ಕಡ್ಡಿ ಸಡಿಲ ಅಂತ ನಾನು ಹೇಳಬೇಕು. ತಪ್ಪಿದ್ರೆ ಅವತ್ತು ಆಟಕ್ಕೆ ಹೋಗೋ ಹಾಗಿಲ್ಲ. ಹದಿನಾಲ್ಕು ತುಂಬೋ ಹೊತ್ತಿಗೆ ಶಾಪಿನ ಒಳಗೆ ಕೂತೇ ರಸ್ತೇಲಿ ಹೋಗೋ ಸೈಕಲ್ಲಿನ ಕಾಯಿಲೆ ಹೇಳ್ತಿದ್ದೆ."

ಹತ್ತೊಂಬತ್ತರಲ್ಲಿ ಒಂದು ದಿನ, ಚಿಕ್ಕಪ್ಪನ ಮಗಳ ಮದುವೆಗೆ ಹೊರಡುವ ಆತುರದಲ್ಲಿ, ಪೇಪರ್ ಹಾಕುವವನೊಬ್ಬನ ಸೈಕಲ್ಲಿನ ಮುಂದಿನ ಗಾಲಿಯ ಕೊನೆಯ ನಾಲ್ಕು ಕಡ್ಡಿ ತಟ್ಟಿ ನೋಡದೆ ಕೊಟ್ಟುಬಿಟ್ಟರು. ಮರುದಿನ ಇಳಿಜಾರಿನಲ್ಲಿ ಗಾಲಿ ಎಂಟರಂತೆ ತಿರುಚಿಕೊಂಡು ಆತ ಬಿದ್ದು ಹೆಗಲ ಮೂಳೆ ಮುರಿಯಿತು.

"ರಸ್ತೆ ಹಳ್ಳಕ್ಕೆ ಬಿಟ್ಟೆ ಅಂತ ಬಿದ್ದವರೇ ಹೇಳಿದ್ರು. ನಾನೂ ಹಳ್ಳಾನೇ ಕಾರಣ ಅಂದೆ, ತಟ್ಟದೆ ಬಿಟ್ಟ ಕಡ್ಡಿ ವಿಷಯ ಎತ್ತಲಿಲ್ಲ. ಇವತ್ತಿಗೂ ಆ ಮಾತು ಹೊಟ್ಟೇಲಿ ಕೂತಿದೆ."

ಆವತ್ತು ಒಳಹೊಕ್ಕ ಅಳುಕು ಮತ್ತೆ ಹೊರಗೆ ಹೋಗಲಿಲ್ಲ. ದೂರದಲ್ಲಿ ಆಂಬುಲೆನ್ಸ್ ಕೂಗಿದರೆ ಅವರ ಕೈ ತಾನಾಗಿ ನಿಲ್ಲುತ್ತದೆ. ಈ ವಾರ ಯಾರ ಗಾಲಿ ಹೊರಗೆ ಹೋಯಿತು, ಯಾವ ಕಡೆಗೆ? ಕೂಗು ಆಸ್ಪತ್ರೆಯ ದಿಕ್ಕಿನಲ್ಲಿ ಕರಗುವವರೆಗೂ ಪಾನಾ ಮತ್ತೆ ಏಳುವುದಿಲ್ಲ.

ರೆಡಿಮೇಡ್ ಗಾಲಿಗಳು ಬಂದು ಸೈಕಲ್ ಕೆಲಸ ಸೊರಗಿದಾಗ, ಹಳೆಯ ಕಾರುಗಳನ್ನು ಎಬ್ಬಿಸುವ ಗ್ಯಾರೇಜಿನ ಮೇಸ್ತ್ರಿ ಒಂದು ತುಕ್ಕು ಗಾಲಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿದರು. "ಅಕ್ಕಾ, ಇದೂ ಸೈಕಲ್ ಗಾಲೀನೇ. ಸ್ವಲ್ಪ ಊಟ ಜಾಸ್ತಿ ಮಾಡಿದೆ ಅಷ್ಟೆ," ಎಂದರು. ಆ ಗಾಲಿಯೊಂದಕ್ಕೇ ಹದಿಮೂರು ದಿನ ಹಿಡಿಯಿತು. ಅಲ್ಲಿಂದ ಹಿಡಿದು ಇಲ್ಲಿಯವರೆಗೆ ಮೇಸ್ತ್ರಿಯ ಕೈಯಿಂದ ಹೊರಬಿದ್ದ ಎಲ್ಲ ಕಡ್ಡಿ ಗಾಲಿಯ ಕಾರೂ ನಿಂತಿರುವುದು ಈ ಅಕ್ಕನ ಕೆಲಸದ ಮೇಲೆ.

ಕಳೆದ ವರ್ಷದ ಹಸಿರು ಕಾರೂ ಹಾಗೇ ಬಂದದ್ದು. ಒಬ್ಬ ಹಲ್ಲಿನ ಡಾಕ್ಟರರದು. ಗೋದಾಮಿನ ಮೂಲೆಯಲ್ಲಿ ಇಲಿಗಳು ಸೀಟಿನೊಳಗೆ ಸಂಸಾರ ಹೂಡಿದ್ದ ಕಾರು. ಮೇಸ್ತ್ರಿ ಅದರ ಮೇಲೆ ಮೂರು ವರ್ಷ ಹೆಣಗಿದರು: ನೆಲದ ತಗಡು ಪೂರ್ತಿ ಹೊಸದು, ಎಂಜಿನ್ ಬಿಚ್ಚಿ ಮರುಜೋಡಣೆ, ಹದಿನಾಲ್ಕು ಕೋಟು ಬಣ್ಣ. ಕಡ್ಡಿಯಕ್ಕನ ಪಾಲಿಗೆ ಬಂದ ಐದು ಗಾಲಿಗಳಲ್ಲಿ ಹಳೆಯ ಕಡ್ಡಿ ಒಂದೂ ನಂಬುವ ಹಾಗಿರಲಿಲ್ಲ. ಮುನ್ನೂರ ಅರವತ್ತನ್ನೂ ಹೊಸದಾಗಿ ಹಾಕಿ ಒಂದು ಸೋಮವಾರ ಒಪ್ಪಿಸಿದರು. ಮುಂದಿನ ಭಾನುವಾರ ಡಾಕ್ಟರು ಮಗಳನ್ನು ಕೂರಿಸಿಕೊಂಡು ಬೆಟ್ಟದಾಚೆಗೆ ಹೋಗಿಬರುವುದೆಂದು ನಿಶ್ಚಯವಾಗಿತ್ತು. ನೂರ ನಲವತ್ತು ಕಿಲೋಮೀಟರು, ಮೂವತ್ತೆರಡು ತಿರುವು.

ನಡುವೆ ಗುರುವಾರ ಸಂಜೆ ಗಂಡನಿಗೆ ಜ್ವರ ಬಂತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಕೂಗುವುದನ್ನೇ ಕಾಯುತ್ತ ಕಡ್ಡಿಯಕ್ಕ ಮಂಚದ ಅಂಚಿನಲ್ಲಿ ಕೂತರು. ಕೂತೇ ಇದ್ದರು.

"ಎಷ್ಟೊತ್ತು ಹೀಗೆ ಕೈ ಒತ್ತಿಕೊಂಡು ಮಲಗಿರಲಿ?" ಗಂಡ ಕೇಳಿದರು.

"ಕೂಗಲಿ ಇರಿ."

"ಅದು ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಯ್ತು. ನಿನಗೆ ಕೇಳಿಸಲಿಲ್ವಾ?"

ತಮಾಷೆ ಇರಬೇಕೆಂದುಕೊಂಡರು. ಮತ್ತೆ ಇಟ್ಟು, ಈ ಸಲ ಬಗ್ಗಿ ಬಲಗಿವಿ ಹತ್ತಿರ ತಂದರು. ಗಂಡ ಬೆರಳೆತ್ತಿ, "ಈಗ. ಈಗ ಕೂಗ್ತಿದೆ," ಎಂದರು. ಕಡ್ಡಿಯಕ್ಕನಿಗೆ ಕೇಳಿಸಿದ್ದು ಗಂಡನ ಉಸಿರು, ಗೋಡೆ ಗಡಿಯಾರ. ಎಡಗಿವಿ ಕೊಟ್ಟರೆ ನಾಲ್ಕು ಮನೆಯಾಚೆ ಏನೋ ಕೀರಲು.

ಗಿಡ್ಡ ಕಡ್ಡಿ ತಟ್ಟಿದಾಗ ಬರುವುದೂ ಇಂಥದೇ ಸಣ್ಣ, ಎತ್ತರದ ನಾದ.

"ಆ ಐದು ಗಾಲಿ ತಟ್ಟುವಾಗ ಗಿಡ್ಡ ಕಡ್ಡಿ ಎಲ್ಲ ಒಂದೇ ಸಮ ಕೇಳಿಸ್ತಿತ್ತು. ಪರವಾಗಿಲ್ಲ, ಈ ವಯಸ್ಸಿಗೆ ಕೈ ಪಳಗಿತು ಅಂತ ಬೀಗಿದ್ದೆ. ಕೇಳಿಸದೇ ಇದ್ದದ್ದು ಒಂದೇ ಸಮ ಇತ್ತು, ಅಷ್ಟೆ. ಜ್ವರ ನೂರೊಂದೂವರೆ ಇತ್ತು ಆವತ್ತು. ಅವರಿಗೆ ಮಾತ್ರೆ ಕೊಟ್ಟದ್ದೂ ನೆನಪಿಲ್ಲ ನನಗೆ."

"ಕೊಡಲಿಲ್ಲ," ಗಂಡ ಪಕ್ಕದಿಂದ ತಿದ್ದುತ್ತಾರೆ. "ನಾನೇ ಎದ್ದು ತಗೊಂಡೆ."

ಶುಕ್ರವಾರ ಕಿವಿ ಪರೀಕ್ಷೆ ಮಾಡುವಲ್ಲಿಗೆ ಹೋದರು. ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಕಡ್ಡಿಯಕ್ಕ ಒತ್ತಿದರು. ಕೇಳಿಸಿದಾಗ ಒತ್ತಿದರು, ಕೇಳಿಸಿರಬಹುದು ಎನಿಸಿದಾಗಲೂ ಒತ್ತಿದರು. ಪರೀಕ್ಷೆ ಮಾಡುತ್ತಿದ್ದ ಯುವತಿ ಬಾಗಿಲು ತೆರೆದು, "ಅಮ್ಮಾ, ಊಹೆ ಮಾಡಿ ಒತ್ತಬೇಡಿ. ಈಗ ನಾನು ಶಬ್ದ ಹಾಕಿರಲೇ ಇಲ್ಲ," ಎಂದಳು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗೆ ಮುಖ ಕೆಂಪಾಯಿತು. ಕಾಗದದ ಮೇಲೆ ಬಂದ ಗೆರೆ ಅರ್ಧದವರೆಗೆ ನೆಟ್ಟಗಿದ್ದು, ಅಲ್ಲಿಂದ ಮುಂದೆ ಮೆಟ್ಟಿಲಿನ ಹಾಗೆ ಇಳಿದುಹೋಗಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ, "ಒಂದೆರಡು ವರ್ಷ ಆಗಿರಬಹುದು, ಖಚಿತವಾಗಿ ಹೇಳೋಕಾಗಲ್ಲ," ಎಂಬ ಉತ್ತರ. ವಾಪಸು ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದರು. ಎರಡು ವರ್ಷದಲ್ಲಿ ಆರು ಕಾರು. ಹಸಿರು ಕಾರು ಏಳನೆಯದು.

ಶನಿವಾರ ಬೆಳಗ್ಗೆ ಗ್ಯಾರೇಜಿನ ಎದುರಿನ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ಕೂತಿದ್ದರಂತೆ. ಹಸಿರು ಕಾರು ಅಲ್ಲಿಂದಲೇ ಕಾಣುತ್ತಿತ್ತು; ಮೇಸ್ತ್ರಿ ಅದರ ಬಂಪರಿಗೆ ಬಟ್ಟೆ ಹಾಕಿ ಉಜ್ಜುತ್ತಿದ್ದರು. "ಗಾಲಿ ಸ್ಟ್ಯಾಂಡಲ್ಲಿ ಚೆನ್ನಾಗೇ ತಿರುಗಿತ್ತಲ್ಲ, ಮೇಸ್ತ್ರೀನೇ ನೋಡಿದಾರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದಿದ್ರೆ..." ಎರಡು ಬಸ್ಸು ಬಂದು ಹೋದವು. ಮೂರನೆಯದು ಬಂದು ಕಾರನ್ನು ಮರೆಮಾಡಿದಾಗ ಎದ್ದು ರಸ್ತೆ ದಾಟಿದರು.

ವಿಷಯ ಕೇಳಿ ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ಅಕ್ಕಾ, ಮೂರು ವರ್ಷದ ಕೆಲಸ. ಸಾಯಂಕಾಲ ನಾಲ್ಕಕ್ಕೆ ಡಾಕ್ಟರು ಗಾಡಿ ತಗೊಂಡು ಹೋಗೋಕೆ ಬರ್ತಾರೆ. ಗಾಲಿ ಕೂದಲೆಳೆ ಅಲ್ಲಾಡಲ್ಲ, ನಾನೇ ಕಣ್ಣಾರೆ ನೋಡಿದೀನಿ."

"ನೆಟ್ಟಗಿರೋದು ಬೇರೆ, ಬಿಗಿ ಇರೋದು ಬೇರೆ. ಅಕ್ಕಪಕ್ಕದ ನಾಲ್ಕು ಕಡ್ಡಿ ಎಳೆದು ಹಿಡಿದಿದ್ರೆ ಸಡಿಲ ಇರೋದು ಕಾಣಿಸಲ್ಲ. ತಿರುವಲ್ಲಿ ಭಾರ ಬಿದ್ದಾಗ ಗೊತ್ತಾಗೋದು."

"ಇಪ್ಪತ್ತು ವರ್ಷದಿಂದ ನಿಮ್ಮ ಗಾಲಿ ಒಂದು ದಿನಾನೂ ವಾಪಸ್ ಬಂದಿಲ್ಲ."

"ಇಪ್ಪತ್ತು ವರ್ಷ ಕಿವಿ ಇತ್ತು."

ನಾಲ್ಕಕ್ಕೆ ಡಾಕ್ಟರು ಬಂದರು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಕಡ್ಡಿಯಕ್ಕ ತಾವೇ ಮುಂದೆ ಹೋಗಿ, ಗಾಲಿಗಳನ್ನು ಮತ್ತೆ ಬಿಚ್ಚಿ ನೋಡಬೇಕು, ಯಾಕೆಂದರೆ ಹೀಗೆ ಹೀಗೆ ಎಂದರು. ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಮಗಳು ರಜೆ ಹಾಕಿದ್ದಾಳೆ, ಬೆಟ್ಟದಾಚೆ ಜನ ಕಾಯುತ್ತಿದ್ದಾರೆ. "ಕೇಳಿಸಲ್ಲ ಅಂತ ಗೊತ್ತಿದ್ದೂ ಯಾಕೆ ಕೆಲಸ ಒಪ್ಕೊಂಡ್ರಿ?" ಎಂದು ಕೂಗಿದರು. ಡಾಕ್ಟರು ಬಂದ ಆಟೋದಲ್ಲೇ ತಿರುಗಿ ಹೋದರು.

ಇನ್ನು ತಟ್ಟಿ ಕೇಳುವವರು ಯಾರು? ಮೇಸ್ತ್ರಿಯ ಕಿವಿ ನಲವತ್ತು ವರ್ಷ ಸುತ್ತಿಗೆ ಪೆಟ್ಟು ತಿಂದು ಎಂದೋ ಮುಗಿದಿತ್ತು. ಭಾನುವಾರ ಬೆಳಗ್ಗೆ, ಜ್ವರ ಬಿಟ್ಟು ಇನ್ನೂ ಎರಡು ದಿನವಾಗದ ಗಂಡನೇ ಶಾಲು ಹೊದ್ದು ಗ್ಯಾರೇಜಿಗೆ ಬಂದರು. ಜನ್ಮದಲ್ಲಿ ಒಂದು ಕಡ್ಡಿ ಮುಟ್ಟಿದವರಲ್ಲ. "ತುಂಬಿದ ಬಸ್ಸಲ್ಲಿ ಹಿಂದಿನ ಸೀಟಿನ ಕೆಳಗೆ ನಾಣ್ಯ ಬಿದ್ದರೆ, ಮುಂದಿನ ಬಾಗಿಲಲ್ಲಿ ನಿಂತು ದೊಡ್ಡದೋ ಸಣ್ಣದೋ ಹೇಳ್ತಿದ್ದೆ," ಎಂದು ಧೈರ್ಯ ಹೇಳಿದರು.

"ಭಾವ, ಇದು ನಾಣ್ಯ ಅಲ್ಲ," ಎಂದರು ಮೇಸ್ತ್ರಿ.

"ಶಬ್ದ ತಾನೆ?"

ಟೈರು ಕಳಚಿ ಗಾಲಿ ಒಂದೊಂದಾಗಿ ಸ್ಟ್ಯಾಂಡಿಗೇರಿದವು. ಮೊದಲು ಹದವಾಗಿ ಬಿಗಿದ ಒಂದು ಕಡ್ಡಿ, ಬೇಕೆಂದೇ ಸಡಿಲಿಸಿದ ಒಂದು ಕಡ್ಡಿ ತಟ್ಟಿ, ಎರಡರ ವ್ಯತ್ಯಾಸ ಗಂಡನಿಗೆ ಹತ್ತಿಪ್ಪತ್ತು ಸಲ ಕೇಳಿಸಿದರು. ಆಮೇಲೆ ಹೂಂ, ಹೂಂ, ಹೂಂ. ಮುಂದಿನ ಎರಡು ಗಾಲಿಗಳಲ್ಲಿ ಒಂದೂ ಊಹೂಂ ಬರಲಿಲ್ಲ. ಮೇಸ್ತ್ರಿ ನಿಟ್ಟುಸಿರು ಬಿಟ್ಟು, "ನೋಡಿದ್ರಾ, ಸುಮ್ಮನೆ ಗಾಬರಿ," ಎಂದು ಚಹಾ ತರಲು ಎದ್ದರು.

ಮೂರನೆಯದು ಹಿಂದಿನ ಎಡಗಾಲಿ. ಒಂಬತ್ತನೇ ಕಡ್ಡಿಗೆ ಗಂಡ ಕಣ್ಣು ತೆರೆದರು.

"ಊಹೂಂ."

ಹತ್ತನೆಯದು. "ಊಹೂಂ." ಸಾಲಾಗಿ ಬಂದವು. ಆ ಒಂದು ಗಾಲಿಯಲ್ಲೇ ಹನ್ನೊಂದು. ಅದರಲ್ಲೊಂದಕ್ಕೆ ಪಾನಾ ಹಾಕಿ ತಿರುಗಿಸಿದರೆ ಕಡ್ಡಿಯ ತುದಿ ಬಿಗಿಯುವ ನಿಪ್ಪಲ್ ತಿರುಗುತ್ತಲೇ ಇತ್ತು, ಹಿಡಿಯುತ್ತಿರಲಿಲ್ಲ. ತಿರುಪಿನ ಮರೆ ಸವೆದು ಕಡ್ಡಿ ಹೆಸರಿಗೆ ಮಾತ್ರ ಅಲ್ಲಿತ್ತು. ಹಿಂದಿನ ಬಲಗಾಲಿಯಲ್ಲಿ ಎರಡು. ಸ್ಟೆಪ್ನಿ ಸರಿಯಿತ್ತು. ಕಡ್ಡಿಯಕ್ಕ ಪಾನಾ ಬದಿಗಿಟ್ಟು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಚಹಾ ಹಿಡಿದು ಬಂದ ಮೇಸ್ತ್ರಿ ಕೆಂಪು ದಾರಗಳನ್ನು ನೋಡಿ ಲೋಟ ಕೆಳಗಿಟ್ಟರು.

"ಏನೂ ಆಗ್ತಿರಲಿಲ್ಲವೇನೋ ಅಕ್ಕಾ. ಉಳಿದವು ತಡ್ಕೊಳ್ತಿದ್ವೇನೋ."

"ಆ 'ಏನೋ' ಮೇಲೆ ಯಾರನ್ನೂ ಕೂರಿಸೋಕಾಗಲ್ಲ," ಎಂದರು ಕಡ್ಡಿಯಕ್ಕ.

ಕಡ್ಡಿಯ ಬಿಗಿ ಅಳೆಯುವ ಸಣ್ಣ ಮೀಟರೊಂದನ್ನು ಮೇಸ್ತ್ರಿ ಆರು ವರ್ಷದ ಹಿಂದೆಯೇ ತಂದುಕೊಟ್ಟಿದ್ದರು. ಕಿವಿ ಇರುವಾಗ ಇದೆಲ್ಲ ಯಾಕೆ ಎಂದು ಡಬ್ಬಿಯನ್ನೂ ಬಿಚ್ಚದೆ ಅಟ್ಟಕ್ಕೆ ಹಾಕಿದ್ದನ್ನು ಆ ವಾರ ಇಳಿಸಿದರು. ಉದ್ದ ಕಡ್ಡಿಗೆ ಅದು ಸರಿಯಾಗಿ ಕೂರುತ್ತದೆ. ಗಿಡ್ಡವು ಒತ್ತೊತ್ತಾಗಿ ಹಾಯುವಲ್ಲಿ ಅದರ ಬಾಯಿ ನುಗ್ಗುವುದಿಲ್ಲ. ಅಲ್ಲಿಗೆ ಬೆರಳು, ಮತ್ತು ಗಂಡನ ಕಿವಿ. ಕಡ್ಡಿಯಕ್ಕ ತಮ್ಮ ಕಿವಿಗೂ ಯಂತ್ರ ಹಾಕಿಸಿಕೊಂಡರು. ಮಾತು ಚೆನ್ನಾಗಿ ಕೇಳಿಸುತ್ತದೆ. ಕಡ್ಡಿಯ ನಾದ ಮಾತ್ರ ಮುಚ್ಚಿದ ಡಬ್ಬಿಯೊಳಗಿಂದ ಬಂದ ಹಾಗೆ.

ಮುಂದಿನ ಭಾನುವಾರ ಏಳು ಗಂಟೆಗೆ ಕಾರು ಹೊರಟಿತು. ಮೇಸ್ತ್ರಿ ತಾಮ್ರದ ಸುತ್ತಿಗೆಯಿಂದ ಗಾಲಿಗಳ ರೆಕ್ಕೆ ನಟ್ಟುಗಳನ್ನು ಬಡಿದು ಬಿಗಿ ಮಾಡಿದರು. ಕಡ್ಡಿಯಕ್ಕ ಡಾಕ್ಟರಿಗೆ, "ಬೆಟ್ಟದ ತುದೀಲಿ ನಿಲ್ಲಿಸಿ ಒಂದ್ಸಲ ತಟ್ಟಿ ನೋಡಿ. ಯಾವುದಾದ್ರೂ ಮಂಕಾಗಿ ಕೇಳಿಸಿದ್ರೆ ಇಳೀಬೇಡಿ, ಫೋನ್ ಮಾಡಿ," ಎಂದರು. ಡಾಕ್ಟರು ಮುಖ ನೋಡದೆ ತಲೆಯಾಡಿಸಿದರು.

ಮನೆಗೆ ಬಂದ ಕಡ್ಡಿಯಕ್ಕ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಒಂಬತ್ತೂವರೆಗೆ ಆಂಬುಲೆನ್ಸ್ ಒಂದು ಬೀದಿ ದಾಟಿತು. ಅದು ಬೆಟ್ಟದ ಕಡೆಗೆ ಹೋಯಿತೋ ಆ ಕಡೆಯಿಂದ ಬಂತೋ ತಿಳಿಯಲು ಚಪ್ಪಲಿ ಮೆಟ್ಟದೆ ಮೂಲೆಯವರೆಗೂ ಓಡಿದರು. ಒಂಬತ್ತು ಐವತ್ತಕ್ಕೆ ಫೋನು. ಡಾಕ್ಟರ ಮಗಳು.

"ಆಂಟಿ, ತುದೀಲಿದೀವಿ. ಅಪ್ಪ ನೆಲದ ಮೇಲೆ ಮಲಗಿ ಒಂದೊಂದೇ ಕಡ್ಡಿ ತಟ್ತಾ ಇದಾರೆ. ಪೇಷಂಟಿನ ಹಲ್ಲು ತಟ್ಟೋ ಹಾಗೆ. ಎಲ್ಲ ಗಟ್ಟಿ ಇದೆಯಂತೆ."

"ಇಳಿಯುವಾಗ ನಿಧಾನ ಅಂತ ಹೇಳಮ್ಮ," ಎಂದಷ್ಟೇ ಹೇಳಿ ಫೋನಿಟ್ಟರು. ಹತ್ತುವುದಕ್ಕಿಂತ ಇಳಿಯುವುದರ ಭಯ ಅವರಿಗೆ. ಊಟಕ್ಕೆ ಬಡಿಸಿಕೊಂಡ ತಟ್ಟೆ ಬಿಟ್ಟು ಎದ್ದರು. ಎರಡೂ ನಲವತ್ತಕ್ಕೆ ಕಾರು ಮರಳಿ ಗ್ಯಾರೇಜು ಸೇರಿತು ಎಂದು ಮೇಸ್ತ್ರಿ ತಿಳಿಸಿದ ಮೇಲೆ ತಣ್ಣಗಾದ ತಟ್ಟೆಯ ಮುಂದೆ ಮತ್ತೆ ಕೂತರು. ಸಂಜೆ ಡಾಕ್ಟರೇ ಫೋನ್ ಮಾಡಿದರು. ಹಿಂದಿನ ವಾರದ ಮಾತು ಎತ್ತಲಿಲ್ಲ. "ಎಂಟುನೂರು ಕಿಲೋಮೀಟರ್ ಆದಮೇಲೆ ಗಾಲಿ ಮತ್ತೆ ತೋರಿಸಬೇಕಲ್ವಾ? ನಿಮ್ಮ ಹತ್ರಾನೇ ತರ್ತೀನಿ," ಎಂದರು.

ಅಲ್ಲಿಗೆ ಮುಗಿಯಲಿಲ್ಲ. ಉಳಿದ ಆರು ಕಾರಿನವರಿಗೂ ಕಡ್ಡಿಯಕ್ಕ ತಾವೇ ಫೋನ್ ಮಾಡಿ ಕಿವಿಯ ವಿಷಯ ಹೇಳಿದರು. ಆರೂ ಬಂದು ಪರೀಕ್ಷೆಯಾಗಲು ಏಳು ವಾರ ಹಿಡಿಯಿತು. ಐದರಲ್ಲಿ ತೊಂದರೆಯಿರಲಿಲ್ಲ, ಒಂದರಲ್ಲಿ ನಾಲ್ಕು ಕಡ್ಡಿ ಸಡಿಲ. ಈಗ ಹೊಸ ಗಿರಾಕಿಗಳಿಗೂ ಮೊದಲೇ ಹೇಳಬೇಕೆಂದು ಮೇಸ್ತ್ರಿಗೆ ತಾಕೀತು. ಕೇಳಿದ ಇಬ್ಬರು ಗಾಲಿ ವಾಪಸು ಒಯ್ದು ದೂರದ ಊರಿಗೆ ಕಳಿಸಿದರು. "ಬೇಜಾರಾಯ್ತು. ಆದರೆ ಅವರ ಜಾಗದಲ್ಲಿ ನಾನಿದ್ರೂ ಕಳಿಸ್ತಿದ್ದೆ," ಎನ್ನುತ್ತಾರೆ.

ಹನ್ನೊಂದು ಗಂಟೆಯಲ್ಲಿ ಮುಗಿಯುತ್ತಿದ್ದ ಗಾಲಿಗೆ ಈಗ ಹದಿನೇಳು. ಬೀದಿಯಲ್ಲಿ ಸದ್ದು ಏಳುವ ಮೊದಲು ಕೂತರೆ ಮಾತ್ರ ಗಂಡನಿಗೆ ನಾದ ಬಿಡಿಬಿಡಿಯಾಗಿ ಸಿಗುತ್ತದೆ. ಏಳೂವರೆಗೆ ಮೊದಲ ಸ್ಕೂಲ್ ವ್ಯಾನು ಹಾರ್ನ್ ಹೊಡೆದರೆ ಆವತ್ತಿನ ಕೇಳುವ ಕೆಲಸ ಮುಗಿಯಿತು. ಎಪ್ಪತ್ತೆರಡೂ ಹೂಂ ಆದ ಮೇಲೂ ಕಡ್ಡಿಯಕ್ಕ ಇನ್ನೊಂದು ಸುತ್ತು ಬೆರಳಿನಿಂದ ಹಿಂಡುತ್ತಾರೆ. "ಇವರ ಕಿವಿಗೂ ಅರವತ್ತಮೂರು. ಅದೆಷ್ಟು ದಿನ?" ಗಂಡನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳುತ್ತಾರೆ. ಆರು ತಿಂಗಳಿಗೊಮ್ಮೆ ಅವರನ್ನೂ ಆ ಗಾಜಿನ ಗೂಡಿಗೆ ಕೂರಿಸಿ ಬರುತ್ತಾರೆ.

ತಾವು ಗಾಲಿ ಕಟ್ಟಿದ ಕಾರಿನಲ್ಲಿ ಇವರು ಒಮ್ಮೆಯೂ ಕೂತಿಲ್ಲ. ಹಸಿರು ಕಾರಿನಲ್ಲಿ ಒಂದು ಸುತ್ತು ಬನ್ನಿ ಎಂದು ಡಾಕ್ಟರ ಮಗಳು ಎರಡು ಸಲ ಕರೆದಿದ್ದಾಳೆ.

"ಅಯ್ಯೋ ಬೇಡಪ್ಪ. ದಾರಿ ಪೂರ್ತಿ ಬಗ್ಗಿ ಬಗ್ಗಿ ಗಾಲೀನೇ ನೋಡ್ತಿರ್ತೀನಿ, ಕೊನೆಗೆ ನಾನೇ ಕೆಳಗೆ ಬೀಳ್ತೀನಿ," ಎಂದು ನಗುತ್ತಾರೆ. ಆಮೇಲೆ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ರಸ್ತೆ ಬದೀಲಿ ನಿಂತು ಅದು ಹೋಗೋದನ್ನ ಒಂದ್ಸಲ ನೋಡಬೇಕು. ಗಾಲಿ ಸರಿಯಾಗಿ ಕಟ್ಟಿದ್ರೆ, ಓಡುವಾಗ ಕಡ್ಡಿ ಕಾಣಲ್ಲ. ಹೊಗೆ ಥರ, ಏನೂ ಇಲ್ಲದ ಥರ ಇರುತ್ತೆ. ಎಪ್ಪತ್ತೆರಡು ಇದ್ವು ಅಂತ ನನಗೊಬ್ಬಳಿಗೆ ಗೊತ್ತಿದ್ರೆ ಸಾಕು," ಎನ್ನುತ್ತಾರೆ.